ಅಲ್ಜೈಮರ್ಸ್‌ನಲ್ಲಿ ಮಿದುಳಿಗೆ ಉರಿಯೂತ ಅಂದ್ರೆ ಏನು?

ಡೊಂಬಿವಲಿ_ಸೊಸೆ: ನಮ್ಮತ್ತೆಗೆ ಅಲ್ಜೈಮರ್ಸ್ ಅಂದಿದಾರೆ. ಡಾಕ್ಟ್ರು ಅರ್ಧ ಮರಾಠಿ ಅರ್ಧ ಇಂಗ್ಲಿಷಲ್ಲಿ ಮೈಕ್ರೋಗ್ಲಿಯಾ, ಇನ್‌ಫ್ಲಮೇಶನ್ ಅಂತೇನೋ ಹೇಳಿ ಕಳಿಸಿದ್ರು. ಜ್ವರ ಇಲ್ಲ, ಊತ ಇಲ್ಲ, ಮತ್ತೆ ಉರಿಯೂತ ಎಲ್ಲಿಂದ ಬಂತು? ಬ್ರೂಫೆನ್ ಕೊಟ್ರೆ ಆಗಲ್ವಾ?

ಕೋಥ್ರೂಡ್_ಕಾಕಾ: ಮೈಕ್ರೋಗ್ಲಿಯಾ ಅಂದ್ರ ಮಿದುಳಿನ ಕಾವಲು ಜೀವಕೋಶ ನೋಡ್ರಿ, ಕಸ ತಿನ್ನೋದೂ ಅವುಗಳದ್ದೇ ಕೆಲಸ. ಅಮಿಲಾಯ್ಡ್ ಅನ್ನೋ ಪ್ರೋಟೀನ್ ಮಿದುಳಿನಾಗ ಗಂಟು ಕಟ್ಟಿದಾಗ ಮೊದ್ಲು ಸುತ್ತುವರಿದು ಅದನ್ನ ತಿಂತಾವ, ಇದು ಛಲೋನ. ಆದ್ರ ಗಂಟು ಕರಗಂಗಿಲ್ಲ, ಇವು ವರ್ಷಗಟ್ಟಲೆ ಸಿಟ್ಟಿನಾಗ ಉಳೀತಾವ, ಒಳಗ ಎನ್‌ಎಲ್‌ಆರ್‌ಪಿ3 ಅನ್ನೋ ಸ್ವಿಚ್ ಬಿದ್ದು ಐಎಲ್-1 ಬೀಟಾ ಥರದ ಕೆಮಿಕಲ್ ಹೊರಗ ಬಿಡ್ತಾವ, ಇದಕ್ಕನ ಉರಿಯೂತ ಅನ್ನೋದು, ಅದರಿಂದ ಪಕ್ಕದ ನರಕೋಶಕ್ಕೂ ಪೆಟ್ಟು. ಇಲಿಗಳಲ್ಲಿ ನರಕೋಶಗಳನ್ನ ಜೋಡಿಸೋ ಒಳ್ಳೇ ಸಿನಾಪ್ಸ್‌ಗಳನ್ನೂ ತಿಂದಿದ್ದು ಕಂಡದ. 2013ರಾಗ ಟ್ರೆಮ್2 ಜೀನ್‌ದ ಒಂದು ಅಪರೂಪದ ಬದಲಾವಣೆ ಇದ್ದವರಿಗೆ ರಿಸ್ಕ್ ಜಾಸ್ತಿ ಅಂತ ಗೊತ್ತಾತು, ಆ ಜೀನ್ ಮಿದುಳಿನಾಗ ಕೆಲಸ ಮಾಡೋದು ಮುಖ್ಯವಾಗಿ ಈ ಕೋಶದಾಗನ. ಅಂದ್ರ ಇವು ಬರೇ ಪ್ರೇಕ್ಷಕರಲ್ಲ.

ಮಾಟುಂಗಾ_ಮಾಣಿ: ಬ್ರೂಫೆನ್ ಬೇಡ ಮಾರಾಯ್ರೆ! ಅದೇ ಜಾತಿಯ ನೋವಿನ ಮಾತ್ರೆಗಳಾದ ನ್ಯಾಪ್ರೋಕ್ಸೆನ್, ಸೆಲೆಕಾಕ್ಸಿಬ್ ಎರಡನ್ನೂ ದೊಡ್ಡ ಟ್ರಯಲ್‌ನಲ್ಲಿ ನೋಡಿದ್ದಾರೆ, ಕಾಯಿಲೆ ತಡೆಯಲಿಲ್ಲ. ವಯಸ್ಸಾದವರಿಗೆ ಹೊಟ್ಟೆ, ಕಿಡ್ನಿ ಹಾಳಾಗ್ತದೆ ಅಷ್ಟೇ.

ಡೊಂಬಿವಲಿ_ಸೊಸೆ: ಸರಿ ಕೊಡಲ್ಲ. ಹೋದ್ವಾರ ಇದ್ದಕ್ಕಿದ್ದಂಗೆ ಗೊಂದಲ ಜಾಸ್ತಿಯಾಗಿ ನನ್ನನ್ನೇ ಯಾರು ನೀನು ಅಂದ್ರು, ಅದೂ ಇದೇನಾ?

ಕೋಥ್ರೂಡ್_ಕಾಕಾ: ಒಮ್ಮಿಂದೊಮ್ಮೆಲೆ ಆದ್ರ ಮೊದ್ಲು ಯೂರಿನ್ ಟೆಸ್ಟ್ ಮಾಡ್ಸ್ರಿ. ವಯಸ್ಸಾದವರಿಗೆ ಇನ್‌ಫೆಕ್ಷನ್ ಆದ್ರ ಹಿಂಗ ಆಗ್ತದ, ಜ್ವರ ಬರದೇನೂ ಇರಬಹುದು. ನಾಳೆನೇ ಡಾಕ್ಟ್ರಿಗೆ ತೋರಿಸ್ರಿ.