‘ನಿಯಂತ್ರಣ’ ಅಂದರೆ ತಡೆಯುವುದಾ, ನಡೆಸುವುದಾ? ಎಣ್ಣೆ ಹುಡುಕಾಟದ ಕೆಲವು ಪದಗಳು

ಗೆಳೆಯರೇ, ನಮಸ್ಕಾರ.

ಒಂದು ಪದಕ್ಕಾಗಿ ನಿಮ್ಮ ನೆರವು ಬೇಕು. ‘ರೆಗ್ಯುಲೇಟ್’ ಎಂಬುದಕ್ಕೆ ‘ನಿಯಂತ್ರಿಸು’ ಬಿಟ್ಟು ಬೇರೆ ಕನ್ನಡ ಪದ ಇದೆಯಾ? ಇದ್ದರೆ ಯಾವ ಸೀಮೆಯಲ್ಲಿ, ಯಾವ ಕೆಲಸಕ್ಕೆ ಬಳಸುತ್ತಾರೆ?

ಯಾಕೆ ಕೇಳುತ್ತಿದ್ದೇನೆ ಅಂತ ಹೇಳುತ್ತೇನೆ. ಹೈಸ್ಕೂಲು ಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ನಮ್ಮ ದೇಶದಲ್ಲಿ ಕಚ್ಚಾ ಎಣ್ಣೆ, ಗ್ಯಾಸು ಎಲ್ಲಿ ಸಿಗುತ್ತದೆ, ಯಾರು ಹುಡುಕುತ್ತಾರೆ, ಯಾರ ಅಪ್ಪಣೆ ಬೇಕು ಎಂಬುದು ಅದರ ವಿಷಯ. ಅಸ್ಸಾಮಿನ ದಿಗ್ಬೋಯ್‌ನಲ್ಲಿ 1889ರಲ್ಲಿ ಎಣ್ಣೆ ಸಿಕ್ಕಿದ್ದು, ಗುಜರಾತಿನ ಅಂಕಲೇಶ್ವರ, 1974ರಲ್ಲಿ ಮುಂಬೈ ಕಡಲಿನ ಬಾಂಬೆ ಹೈ, ರಾಜಸ್ಥಾನದ ಬಾಡ್ಮೇರ್ ಮರಳುಗಾಡು, ಇದೆಲ್ಲ ಕಥೆ ಹೇಳಿದ ಹಾಗೆ ಸಲೀಸಾಗಿ ಬಂತು. ಹೈಡ್ರೋಕಾರ್ಬನ್ (ಎಣ್ಣೆ, ಗ್ಯಾಸು ಎರಡಕ್ಕೂ ಸೇರಿದ ಹೆಸರು) ಮಹಾನಿರ್ದೇಶನಾಲಯದ ಹತ್ತಿರ ಬಂದಾಗ ಪೆನ್ನು ನಿಂತಿತು.

ಇದನ್ನು ಡಿಜಿಎಚ್ ಅನ್ನುತ್ತಾರೆ. ಕೇಂದ್ರ ಸರ್ಕಾರ 1993ರಲ್ಲಿ ಶುರು ಮಾಡಿದ ಕಚೇರಿ. ಪೆಟ್ರೋಲಿಯಂ ಸಚಿವಾಲಯದ ಕೆಳಗೆ ಬರುತ್ತದೆ, ನೋಯ್ಡಾದಲ್ಲಿದೆ. ಅದರ ಕೆಲಸದಲ್ಲಿ ಎರಡು ಮುಖ ಇವೆ. ‘ಬನ್ನಿ, ಇಲ್ಲಿ ಹುಡುಕಿ, ಈ ಜಾಗದ ಭೂಮಾಹಿತಿ ನಮ್ಮಲ್ಲಿದೆ’ ಎಂದು ಕಂಪನಿಗಳನ್ನು ಕರೆಯುವುದು ಒಂದು. ಬಂದವರು ಒಪ್ಪಂದದಂತೆ ನಡೆಯುತ್ತಾರಾ ಎಂದು ನೋಡುವುದು ಇನ್ನೊಂದು. ಇಷ್ಟು ಬಾವಿ ಕೊರೆಯುತ್ತೇವೆ ಎಂದು ಮಾತು ಕೊಟ್ಟವರು ಕೊರೆದರಾ? ಸಿಕ್ಕ ಎಣ್ಣೆಯನ್ನು ಹಾಳುಮಾಡದೆ ತೆಗೆಯುವ ಯೋಜನೆ ಕೊಟ್ಟರಾ? ಇದೆಲ್ಲ ಅದರ ಪಾಲಿಗೆ ಬಿದ್ದಿದೆ. ನಾನು ಹೀಗೆ ಬರೆದೆ: ‘ತೈಲ ಅನ್ವೇಷಣೆಯನ್ನು ಉತ್ತೇಜಿಸುವ ಮತ್ತು ನಿಯಂತ್ರಿಸುವ ಸಂಸ್ಥೆ.’

ಎಂಟನೇ ಕ್ಲಾಸಿನಲ್ಲಿರುವ ನಮ್ಮಣ್ಣನ ಮಗಳಿಗೆ ಓದಲು ಕೊಟ್ಟೆ. ಅವಳು ಕೇಳಿದಳು: ‘ಚಿಕ್ಕಪ್ಪ, ಮೊದಲು ಹುಡುಕಿ ಅಂತ ಹೇಳಿ, ಆಮೇಲೆ ಜಾಸ್ತಿ ಹುಡುಕಬೇಡಿ ಅಂತಾರಾ?’

ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮ ಪದದಲ್ಲೇ ತೊಡಕಿದೆ. ನೋಡಿ, ‘ಮಾಲಿನ್ಯ ನಿಯಂತ್ರಣ ಮಂಡಳಿ’ ಇದೆ. ಅಲ್ಲಿ ನಿಯಂತ್ರಣ ಅಂದರೆ ಕಡಿಮೆ ಮಾಡುವುದು. ‘ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ’ವೂ ಇದೆ. ಆ ಆಯೋಗ ಕರೆಂಟು ಕಡಿಮೆ ಮಾಡಲು ಇರುವುದಲ್ಲ. ದರ ಎಷ್ಟಿರಬೇಕು, ಕಂಪನಿ ಹೇಗೆ ನಡೆದುಕೊಳ್ಳಬೇಕು ಅಂತ ಗೊತ್ತುಮಾಡಲು ಇರುವುದು. ಇಂಗ್ಲಿಷಿನಲ್ಲಿ ಮೊದಲನೆಯದು ಕಂಟ್ರೋಲ್, ಎರಡನೆಯದು ರೆಗ್ಯುಲೇಶನ್. ನಾವು ಎರಡಕ್ಕೂ ಒಂದೇ ಪದ ಹಚ್ಚಿದ್ದೇವೆ. ಜನನ ನಿಯಂತ್ರಣ, ರೋಗ ನಿಯಂತ್ರಣ, ಗುಂಪು ನಿಯಂತ್ರಣ ಇವನ್ನೆಲ್ಲ ದಿನಾ ಕೇಳುವ ಕಿವಿಗೆ ನಿಯಂತ್ರಣ ಅಂದರೆ ತಡೆ ಅಂತಲೇ ಕೇಳಿಸುತ್ತದೆ. ಅದರ ಪಕ್ಕದಲ್ಲಿ ‘ಉತ್ತೇಜನ’ ಇಟ್ಟರೆ ಒಂದು ಇನ್ನೊಂದನ್ನು ಹೊಡೆದು ಹಾಕುತ್ತದೆ.

ಅವಳಿಗೆ ಕೊನೆಗೆ ಅರ್ಥವಾಗಿದ್ದು ಅಡುಗೆಮನೆಯಲ್ಲಿ. ಸಿಲಿಂಡರಿನ ಮೇಲಿರುವ ರೆಗ್ಯುಲೇಟರ್ ತೋರಿಸಿದೆ. ಸಿಲಿಂಡರಿನ ಒಳಗೆ ಒತ್ತಡ ಜಾಸ್ತಿ. ಹಾಗೇ ಬಿಟ್ಟರೆ ಅಪಾಯ. ರೆಗ್ಯುಲೇಟರ್ ಆ ಒತ್ತಡ ಇಳಿಸಿ, ಒಲೆಗೆ ಬೇಕಾದ ಹದದಲ್ಲಿ ಗ್ಯಾಸು ಬಿಡುತ್ತದೆ. ಅದು ಇರುವುದೇ ಒಲೆ ಉರಿಯಲಿ ಅಂತ. ಮನೆಮನೆಯಲ್ಲೂ ಅದಕ್ಕೆ ರೆಗ್ಯುಲೇಟರ್ ಅಂತಲೇ ಅನ್ನುತ್ತೇವೆ. ‘ನಿಯಂತ್ರಕ’ ಎಂದು ಯಾರೂ ಕರೆದಿದ್ದು ಕೇಳಿಲ್ಲ. ಈ ಅರ್ಥಕ್ಕೆ ಆ ಪದ ಕೂರುವುದಿಲ್ಲ ಅಂತ ಜನರಿಗೆ ಗೊತ್ತಿತ್ತೇನೋ ಅನ್ನಿಸುತ್ತದೆ.

ಆಮೇಲೆ ನೆನಪಾದವನು ನೀರುಗಂಟಿ. ನಾನು ಹುಡುಗನಾಗಿದ್ದಾಗ ನಮ್ಮೂರ ಕೆರೆಗೆ ನೀರುಗಂಟಿ ಇದ್ದ. ತೂಬು ಎತ್ತುವವನು ಅವನು, ಇಳಿಸುವವನೂ ಅವನೇ. ಇವತ್ತು ಯಾರ ಸರದಿ, ಎಷ್ಟು ಹೊತ್ತು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ತಲುಪಿತಾ ಎಂಬುದೆಲ್ಲ ಅವನ ಲೆಕ್ಕ. ಕೆರೆ ಅವನದಲ್ಲ, ಗದ್ದೆಯೂ ಅವನದಲ್ಲ. ಆದರೂ ಗೌಡರ ಮನೆಯವರೂ ಅವನನ್ನು ಕೇಳದೆ ಕಾಲುವೆ ಒಡೆಯುವಂತಿರಲಿಲ್ಲ. ಸುಗ್ಗಿಯಲ್ಲಿ ಅವನಿಗೆ ಇಷ್ಟು ಭತ್ತ ಅಂತ ಸಲ್ಲುತ್ತಿತ್ತು. ‘ರೆಗ್ಯುಲೇಟರ್’ ಅಂದರೆ ಇವನೇ ಅಲ್ವಾ? ಕೆಲಸಗಾರನಿಗೆ ನಮ್ಮಲ್ಲಿ ಹೆಸರಿದೆ. ಅವನು ಮಾಡುತ್ತಿದ್ದ ಕೆಲಸಕ್ಕೆ ಹೆಸರು ನನಗೆ ಸಿಗುತ್ತಿಲ್ಲ.

ನಾನು ತೂಗಿ ನೋಡಿದ ಪದಗಳು ಇವು. ‘ವಿನಿಯಮನ’ ಅರ್ಥದಲ್ಲಿ ಸರಿ. ಕಾನೂನಿನ ಕನ್ನಡದಲ್ಲಿ ನಿಯಮ (ರೂಲ್) ಬೇರೆ, ವಿನಿಯಮ (ರೆಗ್ಯುಲೇಶನ್) ಬೇರೆ ಎಂದು ಮೊದಲಿಂದಲೂ ಇದೆ. ಆದರೆ ಮಕ್ಕಳ ಪುಸ್ತಕಕ್ಕೆ ಅದನ್ನು ತರಲು ಮನಸ್ಸು ಒಪ್ಪುತ್ತಿಲ್ಲ. ‘ಉಸ್ತುವಾರಿ’ ಎಲ್ಲರಿಗೂ ಗೊತ್ತು, ಆದರೆ ಮೆತ್ತಗಾಯಿತು. ಉಸ್ತುವಾರಿ ನೋಡಿಕೊಳ್ಳುವವರು ದಂಡ ಹಾಕುವವರಲ್ಲ. ಒಪ್ಪಿಕೊಂಡಷ್ಟು ಬಾವಿ ಕೊರೆಯದ ಕಂಪನಿ ಸರ್ಕಾರಕ್ಕೆ ಹಣ ತೆರಬೇಕು, ಆ ಬಿಗಿ ಪದದಲ್ಲಿ ಇರಬೇಕು. ‘ಅಂಕೆ’ ಚಿಕ್ಕದು, ಚೊಕ್ಕದು. ಆದರೆ ‘ಅಂಕೆಯಲ್ಲಿಡು’ ಅಂದಾಗ ಎದುರಿಗಿರುವವನು ತುಂಟ ಅಂತ ಮೊದಲೇ ತೀರ್ಮಾನಿಸಿದ ಹಾಗೆ. ‘ಹದ್ದುಬಸ್ತು’ ನನಗೆ ತುಂಬಾ ಇಷ್ಟವಾಯಿತು. ಸರ್ವೆ ಕಚೇರಿಗೆ ಹದ್ದುಬಸ್ತಿಗೆ ಅರ್ಜಿ ಹಾಕುತ್ತೇವಲ್ಲ, ಹೊಲದ ಗಡಿ ಗುರುತಿಸಿ ಕಲ್ಲು ನೆಡಿ ಅಂತ. ಡಿಜಿಎಚ್ ಕೂಡ ನೆಲ, ಕಡಲು ಎರಡನ್ನೂ ಬ್ಲಾಕುಗಳಾಗಿ ಗಡಿ ಹಾಕಿ ಕೊಡುತ್ತದೆ. ಆದರೆ ಮಾತಿನಲ್ಲಿ ‘ಹದ್ದುಬಸ್ತಿನಲ್ಲಿಡು’ ಅಂದರೆ ಮತ್ತೆ ಗದರಿಕೆಯ ದನಿ ಬರುತ್ತದೆ. ಸದ್ಯಕ್ಕೆ ‘ಕಟ್ಟಳೆಯಂತೆ ನಡೆಸು’ ಎಂದು ಬರೆದಿಟ್ಟಿದ್ದೇನೆ. ತಡೆಯುವುದಲ್ಲ, ನಡೆಸುವುದು ಎಂಬುದು ಅದರಲ್ಲಿದೆ. ನಾಮಪದ ಮಾಡಲು ಹೋದರೆ ಸೋಲುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಪದ ಬದಲಾಯಿಸಿದರೆ ಈ ಎರಡು ಕೆಲಸಗಳ ನಡುವಿನ ಎಳೆದಾಟ ಮಾಯವಾಗುತ್ತದೆ ಅಂತ ನಾನು ತಿಳಿದಿಲ್ಲ. 1988ರ ಜುಲೈನಲ್ಲಿ ಉತ್ತರ ಸಮುದ್ರದಲ್ಲಿ ಎಣ್ಣೆ ತೆಗೆಯುತ್ತಿದ್ದ ಪೈಪರ್ ಆಲ್ಫಾ ಕಟ್ಟೆ ಹೊತ್ತಿ ಉರಿದು 167 ಜನ ಸತ್ತರು. ಬ್ರಿಟನ್ನಿನಲ್ಲಿ ಆಗ ಎಣ್ಣೆ ಹೆಚ್ಚು ತೆಗೆಯಿರಿ ಎನ್ನುವ ಇಲಾಖೆಯೇ ಸುರಕ್ಷತೆಯನ್ನೂ ನೋಡುತ್ತಿತ್ತು. ಆಮೇಲೆ ಸುರಕ್ಷತೆಯನ್ನು ಬೇರೆ ಸಂಸ್ಥೆಗೆ ಕೊಟ್ಟರು. ಅಮೆರಿಕದಲ್ಲಿ 2010ರಲ್ಲಿ ಕಡಲಲ್ಲಿ ಎಣ್ಣೆ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಕಟ್ಟೆಯ ದುರಂತದಲ್ಲಿ 11 ಕೆಲಸಗಾರರು ಹೋದ ಮೇಲೆ, ಗುತ್ತಿಗೆ ಕೊಡುವ, ರಾಯಧನ ವಸೂಲು ಮಾಡುವ, ತಪಾಸಣೆ ಮಾಡುವ ಕೆಲಸಗಳನ್ನು ಒಂದೇ ಕಚೇರಿಯಿಂದ ಬಿಡಿಸಿ ಮೂರು ಮಾಡಿದರು. ನಾರ್ವೆ 2004ರಲ್ಲೇ ಸುರಕ್ಷತೆಗೆ ಬೇರೆ ಸಂಸ್ಥೆ ಮಾಡಿಕೊಂಡಿತ್ತು. ನಮ್ಮಲ್ಲಿ ಎಣ್ಣೆ ಉದ್ಯಮದ ಸುರಕ್ಷತೆಗೆ ಪ್ರತ್ಯೇಕ ನಿರ್ದೇಶನಾಲಯ ಇದೆ. ಹಾಗಾಗಿ ಪದ ಸಿಕ್ಕಿದ ಮೇಲೂ ಪುಸ್ತಕದಲ್ಲಿ ಈ ಎಳೆದಾಟದ ಬಗ್ಗೆ ಒಂದು ಪುಟ ಬರೆಯುತ್ತೇನೆ. ಮಕ್ಕಳಿಗೆ ಅದು ಗೊತ್ತಿರಬೇಕು.

ಜೊತೆಗೆ ಇನ್ನೂ ಕೆಲವು ಪದಗಳು ಕಾಡುತ್ತಿವೆ.

‘ಬೇಸಿನ್’ಗೆ ಪತ್ರಿಕೆಗಳು ‘ಜಲಾನಯನ ಪ್ರದೇಶ’ ಅಂತ ಬರೆಯುತ್ತವೆ. ‘ಕೃಷ್ಣಾ–ಗೋದಾವರಿ ಜಲಾನಯನ ಪ್ರದೇಶದಲ್ಲಿ ಅನಿಲ’ ಅಂತ ಓದಿದ ರಾಯಚೂರಿನವರು ಏನು ತಿಳಿಯಬೇಕು? ಕೃಷ್ಣಾ ಜಲಾನಯನ ಅಂದರೆ ನಮಗೆ ಆಲಮಟ್ಟಿ, ನಾರಾಯಣಪುರ, ನೀರಿನ ಪಾಲು. ಆದರೆ 2009ರಲ್ಲಿ ಗ್ಯಾಸು ಬರಲು ಶುರುವಾದ, ಈ ಕೃಷ್ಣಾ–ಗೋದಾವರಿ ಬೇಸಿನ್ನಿನ ಕೆಜಿ–ಡಿ6 ಎಂಬ ಬ್ಲಾಕು ಇರುವುದು ಆಂಧ್ರದ ಕರಾವಳಿಯಾಚೆ, ಬಂಗಾಳ ಕೊಲ್ಲಿಯ ಆಳದಲ್ಲಿ. ಇಲ್ಲಿ ಬೇಸಿನ್ ಅಂದರೆ ಕೋಟ್ಯಂತರ ವರ್ಷ ಮಣ್ಣು, ಮರಳು, ಸುಣ್ಣ ಪದರಪದರವಾಗಿ ತುಂಬಿಕೊಂಡ ತಗ್ಗು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಭೀಮಾ ಸೀಮೆಯ ಅಂಥ ಪದರದ್ದೇ. ದೇಶದಲ್ಲಿ ಗುರುತಿಸಿರುವ 26 ಬೇಸಿನ್‌ಗಳ ಪಟ್ಟಿಯಲ್ಲಿ ಭೀಮಾ–ಕಲಾದಗಿಯೂ ಇದೆ, ಎಣ್ಣೆ ಮಾತ್ರ ಇನ್ನೂ ಸಿಕ್ಕಿಲ್ಲ. ಇದಕ್ಕೆ ‘ಪದರುಕಲ್ಲಿನ ಬೋಗುಣಿ’ ಅನ್ನಬಹುದಾ? ಬೋಗುಣಿ ಅಂದ ಕೂಡಲೇ ಆಕಾರ ಕಣ್ಣಿಗೆ ಬರುತ್ತದೆ.

‘ಶೋಧ’ವೂ ಅಷ್ಟೇ ತೊಡಕಿನದು. ‘ತೈಲ ಶೋಧ’ ಎಂಬ ತಲೆಬರಹ ನೋಡಿದರೆ ಹುಡುಕುತ್ತಿದ್ದಾರೋ, ಸಿಕ್ಕಿದೆಯೋ ಗೊತ್ತಾಗುವುದಿಲ್ಲ. ಈ ಕೆಲಸದಲ್ಲಿ ಆ ಎರಡರ ನಡುವೆ ವರ್ಷಗಳೇ ಕಳೆಯುತ್ತವೆ. ಎಷ್ಟೋ ಬಾವಿಗಳಲ್ಲಿ ಕೊರೆದರೂ ಏನೂ ಸಿಗುವುದಿಲ್ಲ. ‘ಪರಿಶೋಧನೆ’ ಅಂದರೆ ಲೆಕ್ಕ ಪರಿಶೋಧನೆ ನೆನಪಾಗುತ್ತದೆ. ನಾನು ‘ಹುಡುಕಾಟ’, ‘ಪತ್ತೆ’ ಎಂದು ಬೇರೆ ಬೇರೆ ಇಟ್ಟುಕೊಂಡಿದ್ದೇನೆ. ಯಾರಿಗಾದರೂ ತಕರಾರಿದ್ದರೆ ಹೇಳಿ.

‘ತೈಲ ಗಣಿಗಾರಿಕೆ’ ಎಂಬುದನ್ನು ಬಿಟ್ಟುಬಿಡಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಎಣ್ಣೆಯನ್ನು ಅಗೆದು ತೆಗೆಯುವುದಿಲ್ಲ, ಕೊರೆದು ತೆಗೆಯುತ್ತಾರೆ. ಗಣಿ ಅಂದರೆ ನಮಗೆ ಬಳ್ಳಾರಿಯ ಕೆಂಪು ದೂಳು. 1948ರ ತೈಲಕ್ಷೇತ್ರ ಕಾಯ್ದೆಯಲ್ಲೂ ‘ಗಣಿ ಗುತ್ತಿಗೆ’ ಅಂತಲೇ ಇತ್ತು. 2025ರಲ್ಲಿ ಸಂಸತ್ತು ತಿದ್ದುಪಡಿ ತಂದು ‘ಪೆಟ್ರೋಲಿಯಂ ಗುತ್ತಿಗೆ’ ಎಂದು ಮಾಡಿತು. ಕಾನೂನೇ ಪದ ತಿದ್ದಿಕೊಂಡಿದೆ, ನಾವೂ ತಿದ್ದಿಕೊಳ್ಳಬಹುದು.

ಒಂದು ಕಡೆ ಮಾತ್ರ ಹಳ್ಳಿಯ ಪದ ತಾನಾಗಿ ಬಂದು ಕೂತಿತು. 1999ರಿಂದ ನಡೆದ ಬ್ಲಾಕುಗಳ ಹರಾಜುಗಳಲ್ಲಿ ಕಂಪನಿ ತನ್ನ ಖರ್ಚು ಕಳೆದುಕೊಂಡು, ಉಳಿದ ಲಾಭದಲ್ಲಿ ಸರ್ಕಾರಕ್ಕೆ ಪಾಲು ಕೊಡಬೇಕಿತ್ತು. ಖರ್ಚು ಎಷ್ಟು ಎಂಬುದರಲ್ಲೇ ಜಗಳ ಹುಟ್ಟುತ್ತಿತ್ತು. 2016ರ ಹೊಸ ನೀತಿಯಲ್ಲಿ ಖರ್ಚಿನ ಮಾತಿಲ್ಲ, ಬಂದ ಆದಾಯದಲ್ಲೇ ನೇರವಾಗಿ ಪಾಲು. ಇದನ್ನು ‘ಕೋರು’, ಅಂದರೆ ಬೇರೆಯವರ ಹೊಲ ಮಾಡಿ ಬೆಳೆಯಲ್ಲಿ ಪಾಲು ಕೊಡುವ ಪದ್ಧತಿ, ಎಂದು ವಿವರಿಸಿದೆ. ಬೀಜ, ಗೊಬ್ಬರದ ಖರ್ಚು ಕಳೆದು ಪಾಲು ಮಾಡುವುದು ಹಳೆಯ ರೀತಿ. ಕಣದಲ್ಲಿ ರಾಶಿ ಬಿದ್ದ ಕೂಡಲೇ ಅಳೆದು ಪಾಲು ಮಾಡುವುದು ಹೊಸದು. ಅಣ್ಣನ ಮಗಳಿಗೆ ಒಂದೇ ಸಲಕ್ಕೆ ಹಿಡಿಸಿತು.

ಅದಕ್ಕೇ ನೀರುಗಂಟಿಯ ಕೆಲಸಕ್ಕೂ ಎಲ್ಲೋ ಒಂದು ಪದ ಇರಬೇಕು ಅಂತ ನಂಬಿಕೆ. ‘ನೀರು ಕಟ್ಟು’, ‘ನೀರು ತಿರುಗಿಸು’ ನನಗೆ ಗೊತ್ತು. ಎಲ್ಲರಿಗೂ ಸಲ್ಲುವಂತೆ ಅಳೆದು, ಸರದಿ ಹಿಡಿದು ಬಿಡುವುದಕ್ಕೆ ನಿಮ್ಮ ಕಡೆ ಏನಂತಾರೆ? ಕೋಲಾರ, ತುಮಕೂರು, ಹಾಸನದ ಕಡೆ ಕೆರೆ ಕೆಳಗೆ ಗದ್ದೆ ಮಾಡಿದ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಕೇಳಿ. ಅವರು ಹೇಳಿದ ಹಾಗೇ, ತಿದ್ದದೆ ಬರೆಯಿರಿ.