ಪದಚರ್ಚೆ: ಪಾಡ್‌ಕಾಸ್ಟ್ ಕೈಪಿಡಿಗೆ ‘ಹೋಸ್ಟಿಂಗ್’, ‘ಫೀಡ್’, ‘ಸಬ್‌ಸ್ಕ್ರೈಬ್’ – ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ಸಾಗರದಿಂದ ನಮಸ್ಕಾರ.

ಪಾಡ್‌ಕಾಸ್ಟ್ (ಅಂತರಜಾಲದಲ್ಲಿ ಇಟ್ಟು, ಬೇಕಾದಾಗ ಕೇಳುವ ಧ್ವನಿ ಕಾರ್ಯಕ್ರಮ) ಆರಂಭಿಸುವವರಿಗಾಗಿ ಒಂದು ಚಿಕ್ಕ ಕನ್ನಡ ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಓದುವವರು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಅಂಟಿಗೆ-ಪಂಟಿಗೆ ಪದಗಳನ್ನು, ಹಿರಿಯರ ಹಸೆ ಹಾಡುಗಳನ್ನು, ತೋಟದ ಅನುಭವಗಳನ್ನು ಹಾಡಿದವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ ಅಂತರಜಾಲದಲ್ಲಿ ಇಡಬೇಕೆಂಬ ಆಸೆಯುಳ್ಳವರು. ಮೊಬೈಲ್ ಬಳಕೆಯಲ್ಲಿ ನುರಿತವರೇ. ಆದರೆ ಕೆಲಸದ ಒಳಗುಟ್ಟನ್ನು ತಿಳಿಸುವ ಪದಗಳು ಸರಿಯಿಲ್ಲದಿದ್ದರೆ ಮೊದಲ ಹೆಜ್ಜೆಯಲ್ಲೇ ಗೊಂದಲವಾಗುತ್ತದೆ. ಅದಕ್ಕಾಗಿ ನಿಮ್ಮ ನೆರವು ಕೇಳುತ್ತಿದ್ದೇನೆ.

‘ಪಾಡ್‌ಕಾಸ್ಟ್’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ. ಬೆನ್ ಹ್ಯಾಮರ್ಸ್ಲಿ ಎಂಬ ಪತ್ರಕರ್ತ 2004ರಲ್ಲಿ ಗಾರ್ಡಿಯನ್ ಪತ್ರಿಕೆಯ ಲೇಖನವೊಂದರಲ್ಲಿ ಬಳಸಿದ ಪದ ಅದು. ಅದರ ಮೊದಲರ್ಧ ಆ್ಯಪಲ್ ಕಂಪನಿಯ ಹಾಡು ಕೇಳುವ ಪುಟ್ಟ ಸಾಧನವಾದ ಐಪಾಡ್‌ನಿಂದ ಬಂದದ್ದು. 2022ರಲ್ಲಿ ಐಪಾಡ್ ತಯಾರಿಕೆಯೇ ನಿಂತಿತು, ಪದ ನಿಲ್ಲಲಿಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಬಾನುಲಿ ಕೇಂದ್ರದಿಂದ ‘ಆಕಾಶವಾಣಿ’ ಎಂಬ ಸೊಗಸಾದ ಹೆಸರು ದೇಶಕ್ಕೆಲ್ಲ ಹಬ್ಬಿತು. ಅಂಥದ್ದೊಂದು ಹೆಸರು ಪಾಡ್‌ಕಾಸ್ಟ್‌ಗೂ ಹುಟ್ಟಲಿ ಎಂಬ ಆಸೆ ನನಗೂ ಇದೆ. ಆದರೆ ಹೆಸರು ಸಿಗುವವರೆಗೆ ಕೆಲಸ ಕಾಯಬಾರದು.

ಹೆಸರಿಗಿಂತ ಹೆಚ್ಚು ತೊಡಕು ಕೊಡುತ್ತಿರುವುದು ‘ಹೋಸ್ಟ್’. ಇಂಗ್ಲಿಷಿನಲ್ಲಿ ಕಾರ್ಯಕ್ರಮ ನಡೆಸಿಕೊಡುವ ವ್ಯಕ್ತಿಯೂ ಹೋಸ್ಟ್, ಧ್ವನಿಕಡತಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವ ಸೇವೆಯೂ ಹೋಸ್ಟ್. ಕನ್ನಡ ಅನುವಾದಗಳಲ್ಲಿ ಎರಡಕ್ಕೂ ‘ಆತಿಥೇಯ’ ಎಂದು ಬರೆಯುವುದನ್ನು ಕಂಡಿದ್ದೇನೆ. ‘ಬಾಡಿಗೆ ಹೆಚ್ಚಾದರೆ ಆತಿಥೇಯರನ್ನು ಬದಲಾಯಿಸಿ’ ಎಂದರೆ ಓದುಗ ಏನೆಂದುಕೊಳ್ಳಬೇಕು? ವ್ಯಕ್ತಿಗೆ ‘ನಿರೂಪಕ’, ‘ನಿರೂಪಕಿ’ ಎಂಬ ಬಳಕೆ ರೇಡಿಯೋ, ಟಿವಿಗಳಿಂದ ಬಂದು ಗಟ್ಟಿಯಾಗಿದೆ. ಉಳಿದದ್ದು ಸೇವೆಯ ಹೆಸರು.

ಅದಕ್ಕೆ ನಾನು ಯೋಚಿಸಿರುವ ಪದ ‘ಉಗ್ರಾಣ’. ಮಲೆನಾಡಿನ ಮದುವೆಮನೆಯಲ್ಲಿ ಉಗ್ರಾಣದ ಹೊಣೆ ಹೊತ್ತವರು ಅತಿಥಿಗಳ ಎದುರಿಗೆ ಬರುವುದೇ ಇಲ್ಲ, ಆದರೆ ಯಾರು ಏನು ಕೇಳಿದರೂ ಅಲ್ಲಿಂದಲೇ ಹೊರಬರಬೇಕು. ಹೋಸ್ಟಿಂಗ್ ಸೇವೆಯ ಕೆಲಸವೂ ಅದೇ. ಸಾಮಾನು ಮನೆಯವರದು, ಕಾಯುವುದು, ಕೊಡುವುದು ಮಾತ್ರ ಉಗ್ರಾಣದವರದು ಎಂಬ ಅರ್ಥವೂ ಕೂಡಿಬರುತ್ತದೆ. ಹೊಸಬರು ತಿಳಿಯಲೇಬೇಕಾದ ಸಂಗತಿ ಇದು, ಏಕೆಂದರೆ ಆ್ಯಪಲ್ ಪಾಡ್‌ಕಾಸ್ಟ್ಸ್‌ ಎಂಬ ಕೇಳುವ ಆ್ಯಪ್‌ನಲ್ಲಿ ಸಂಚಿಕೆ ಕಾಣಿಸಿದರೆ ಕಡತವೂ ಅಲ್ಲೇ ಇದೆ ಎಂದು ಬಹಳ ಮಂದಿ ನಂಬುತ್ತಾರೆ. ಕಡತ ಇರುವುದು ಬೇರೆಡೆ. ಆ ಆ್ಯಪ್ ತೋರಿಸುವುದು ಅದರ ವಿಳಾಸವನ್ನು. ‘ಧ್ವನಿ ಉಗ್ರಾಣ’ ಎಂದರೆ ಹಳತಾಗಿ ಕೇಳಿಸುತ್ತದೆಯೇ? ನನಗಂತೂ ಹಿತವಾಗಿದೆ. ಒಂದೇ ಅಳುಕೆಂದರೆ, ಉಗ್ರಾಣದಿಂದ ತೆಗೆದದ್ದು ಖರ್ಚಾಗುತ್ತದೆ, ಇಲ್ಲಿ ಹೋಗುವುದು ಪ್ರತಿ ಮಾತ್ರ.

‘ಫೀಡ್’ ಎಂಬುದಕ್ಕೆ ‘ಹರಿವು’, ‘ಊಡಿಕೆ’ ಎಂಬ ಸಲಹೆಗಳಿವೆ. ಎರಡನ್ನೂ ನಾನು ಒಪ್ಪಲಾರೆ. ಪಾಡ್‌ಕಾಸ್ಟ್‌ನ ಫೀಡ್ (‘ಆರ್‌ಎಸ್‌ಎಸ್’ ಎಂಬ ತಾಂತ್ರಿಕ ಮಾದರಿಯದು) ಎಂದರೆ ಹರಿಯುವ ವಸ್ತುವಲ್ಲ, ಸುಮ್ಮನೆ ಒಂದೆಡೆ ಕುಳಿತಿರುವ ಪಠ್ಯದ ಕಡತ. ಅದರಲ್ಲಿ ಕಾರ್ಯಕ್ರಮದ ಹೆಸರು, ಭಾಷೆಯ ಸಂಕೇತ (ಕನ್ನಡಕ್ಕೆ ‘ಕೆಎನ್’ ಎಂಬ ಎರಡಕ್ಷರ), ಮುಖಚಿತ್ರದ ವಿಳಾಸ, ಪ್ರತಿ ಸಂಚಿಕೆಯ ಶೀರ್ಷಿಕೆ, ವಿವರಣೆ, ದಿನಾಂಕ, ಧ್ವನಿಕಡತದ ವಿಳಾಸ ಮತ್ತು ಗಾತ್ರ ಇರುತ್ತವೆ. ಕೇಳುಗರ ಆ್ಯಪ್‌ಗಳು ಆಗಾಗ ಬಂದು ಇದನ್ನು ಓದಿ, ಹೊಸದೇನಾದರೂ ಸೇರಿದೆಯೇ ಎಂದು ನೋಡುತ್ತವೆ. ಆದ್ದರಿಂದ ‘ಸಂಚಿಕೆಪಟ್ಟಿ’ ಎಂದು ಬರೆದಿದ್ದೇನೆ. ಈ ಪದ ಬಳಸಿದ ಮೇಲೆ ಕೈಪಿಡಿಯ ಅತಿ ಕಷ್ಟದ ವಾಕ್ಯವೂ ಹಗುರವಾಯಿತು: ‘ಉಗ್ರಾಣ ಬದಲಾಯಿಸುವಾಗ, ಹಳೆಯ ಸಂಚಿಕೆಪಟ್ಟಿಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ಕಳುಹಿಸುವ ವ್ಯವಸ್ಥೆ ಮಾಡಿಸಿ, ಆಮೇಲಷ್ಟೇ ಹಳೆಯ ಖಾತೆ ಮುಚ್ಚಿ.’ ಇದನ್ನು ಮಾಡದಿದ್ದರೆ ಹಳೆಯ ಕೇಳುಗರಿಗೆ ಹೊಸ ಸಂಚಿಕೆ ತಲುಪುವುದೇ ಇಲ್ಲ.

‘ಪ್ರಸಾರ’ ಎಂಬ ಪದವನ್ನೂ ಕೈಬಿಟ್ಟಿದ್ದೇನೆ. ಭದ್ರಾವತಿ ಆಕಾಶವಾಣಿಯದು ಪ್ರಸಾರ. ಹೊತ್ತಿಗೆ ಸರಿಯಾಗಿ ರೇಡಿಯೋ ಹಾಕಬೇಕು. ಪಾಡ್‌ಕಾಸ್ಟ್ ಸಂಚಿಕೆಯನ್ನು ಪುಸ್ತಕದಂತೆ ಪ್ರಕಟಿಸಿ ಇಡುತ್ತೇವೆ, ಬೇಕಾದವರು ಬೇಕಾದಾಗ ಕೇಳುತ್ತಾರೆ. ‘ಪ್ರಕಟಿಸು’ ಸಾಕು. ಎಪಿಸೋಡ್‌ಗೆ ‘ಕಂತು’ ಬೇಡ, ‘ಸಂಚಿಕೆ’ ಇರಲಿ. ನಮ್ಮಲ್ಲಿ ಕಂತು ಎಂದರೆ ಮೊದಲು ನೆನಪಾಗುವುದು ಸೊಸೈಟಿಯ ಸಾಲ. ‘ಸೀಸನ್’ ಎಂಬುದು ಅಡಿಕೆ ಕೊಯ್ಲಿನಿಂದಲೇ ಎಲ್ಲರಿಗೂ ಗೊತ್ತು, ಹಾಗೆಯೇ ಬಿಡೋಣ.

‘ಡೌನ್‌ಲೋಡ್’ ಕೂಡ ಎಲ್ಲರ ಬಾಯಲ್ಲಿದೆ. ಆದರೂ ‘ಇಳಿಸಿಟ್ಟುಕೊಳ್ಳಿ’ ಎಂದೇ ಬರೆಯುತ್ತಿದ್ದೇನೆ. ಇಳಿಸಿಕೊಂಡು ಇಟ್ಟುಕೊಳ್ಳುವುದು ಬೇರೆ, ಜಾಲದಿಂದ ನೇರವಾಗಿ ಕೇಳುತ್ತಾ ಹೋಗುವುದು ಬೇರೆ. ಪೇಟೆ ದಾಟಿದರೆ ಸಿಗ್ನಲ್ ಕೈಕೊಡುವ ನಮ್ಮ ಊರುಗಳಲ್ಲಿ ಆ ವ್ಯತ್ಯಾಸ ದೊಡ್ಡದು. ಮಾತಿನ ಕಾರ್ಯಕ್ರಮವನ್ನು ಮೋನೋದಲ್ಲಿ (ಎಡ-ಬಲ ಎಂಬ ಭೇದವಿಲ್ಲದ ಒಂದೇ ಧ್ವನಿಯಾಗಿ), ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಎಂಪಿ3 ಮಾಡಿದರೆ ಒಂದು ಗಂಟೆಗೆ ಸುಮಾರು 29 ಎಂಬಿ ಆಗುತ್ತದೆ, 128 ಕಿಲೋಬಿಟ್ ಆದರೆ ಅದರ ಎರಡರಷ್ಟು. ಮಾತಿಗೆ ಮೊದಲನೆಯದು ಸಾಕು. ಹಾಡಿರುವ ಸಂಚಿಕೆಗೆ ಎರಡನೆಯದೇ ಸರಿ. ಹಿರಿಯರ ಕಂಠದ ಬಳುಕನ್ನು ಗಾತ್ರದ ನೆಪದಲ್ಲಿ ಕಳೆಯಬಾರದು.

ಇನ್ನೂ ಬಗೆಹರಿಯದೆ ಉಳಿದಿರುವುದು ‘ಸಬ್‌ಸ್ಕ್ರೈಬ್’. ‘ಚಂದಾದಾರರಾಗಿ’ ಎಂದ ಕೂಡಲೇ ‘ಎಷ್ಟು ಕೊಡಬೇಕು?’ ಎಂಬ ಪ್ರಶ್ನೆ ಬರುತ್ತದೆ. ತಪ್ಪೇನಿಲ್ಲ, ಗಣಪತಿ ಹಬ್ಬಕ್ಕೆ ಎತ್ತುವುದೂ ಚಂದಾ, ವಾರಪತ್ರಿಕೆಗೆ ಕಟ್ಟುವುದೂ ಚಂದಾ. ಇಂಗ್ಲಿಷಿನಲ್ಲೂ ಇದೇ ತೊಡಕಿದ್ದಿರಬೇಕು. ಆ್ಯಪಲ್ ತನ್ನ ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ 2021ರಲ್ಲಿ ‘ಸಬ್‌ಸ್ಕ್ರೈಬ್’ ಗುಂಡಿಯನ್ನು ‘ಫಾಲೋ’ ಎಂದು ಬದಲಿಸಿತು, ಹಣ ಕೊಡುವ ಕಾರ್ಯಕ್ರಮಗಳಿಗಷ್ಟೇ ಮೊದಲ ಪದವನ್ನು ಇಟ್ಟುಕೊಂಡಿತು. ಆದರೆ ಫಾಲೋ ಪದಕ್ಕೆ ಕೊಡುವ ‘ಹಿಂಬಾಲಿಸಿ’ ಕೇಳಿದರೆ ಯಾರದೋ ಬೆನ್ನುಹತ್ತಿದಂತಾಗುತ್ತದೆ. ‘ಅನುಸರಿಸಿ’ ಎಂದರೆ ಹೇಳಿದಂತೆ ನಡೆಯಬೇಕೇನೋ ಎನಿಸುತ್ತದೆ.

ದಿನವೂ ತಪ್ಪದೆ ಮನೆಗೆ ಬರುವ ಹಾಲಿಗೆ ‘ವರ್ತನೆ ಹಾಲು’ ಎನ್ನುವ ಬಳಕೆ ಕನ್ನಡದಲ್ಲಿದೆ. ಪ್ರತಿ ಸಲ ಕೇಳಬೇಕಿಲ್ಲ, ತಾನಾಗಿ ಬರುತ್ತದೆ ಎಂಬ ಭಾವ ಸಬ್‌ಸ್ಕ್ರೈಬ್‌ಗೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಆದರೆ ತಿಂಗಳ ಕೊನೆಗೆ ಅದಕ್ಕೂ ಲೆಕ್ಕವಿದೆ. ಜೊತೆಗೆ ಇಂದಿನ ಓದುಗರಿಗೆ ವರ್ತನೆ ಎಂದರೆ ನಡವಳಿಕೆ ಮಾತ್ರ. ‘ಕೇಳುಬಳಗಕ್ಕೆ ಸೇರಿ’ ಎಂದು ತಾತ್ಕಾಲಿಕವಾಗಿ ಬರೆದಿಟ್ಟಿದ್ದೇನೆ. ಗುಂಡಿಯ ಮೇಲೆ ಹಿಡಿಸಲು ಅದು ಉದ್ದ.

ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಕಡೆಯ ಹಿರಿಯರಲ್ಲಿ ಒಂದು ಕೇಳಿಕೆ: ಹಣದ ಮಾತಿಲ್ಲದೆ, ಒಮ್ಮೆ ಹೇಳಿಟ್ಟರೆ ತಾನಾಗಿ ಮನೆಗೆ ಬಂದು ತಲುಪುವ ವಸ್ತುವಿಗೋ ಸುದ್ದಿಗೋ ನಿಮ್ಮಲ್ಲಿ ಬೇರೆ ಮಾತಿದೆಯೇ? ಇದ್ದರೆ ಬರಿಯ ಪದವನ್ನಷ್ಟೇ ಬರೆಯದೆ, ಮನೆಯಲ್ಲಿ ಆಡುವ ಇಡೀ ವಾಕ್ಯವನ್ನು ದಯವಿಟ್ಟು ಬರೆದು ಕಳುಹಿಸಿ.