ಸಿಇಟಿ ರ‍್ಯಾಂಕ್ ಬಂತು, ಆದ್ರೆ ನಂಗೆ ಇಂಜಿನಿಯರಿಂಗ್ ಬೇಡ, ಅಪ್ಪಾಜಿಗೆ ಹೇಗೆ ಹೇಳ್ಲಿ?

ತೋಟದಮನೆ ಹುಡುಗಿ:
ಎಲ್ರಿಗೂ ನಮಸ್ಕಾರ. ನಮ್ದು ಚನ್ನಗಿರಿ ಕಡೆ ಹಳ್ಳಿ, ಎರಡೂವರೆ ಎಕರೆ ಅಡಿಕೆ ತೋಟ. ಈ ಸಲ ಸೆಕೆಂಡ್ ಪಿಯು ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಮುಗಿಸ್ದೆ, 86 ಪರ್ಸೆಂಟ್ ಬಂದಿದೆ, ಸಿಇಟಿ ರ‍್ಯಾಂಕ್ 60 ಸಾವಿರದ ಮೇಲೆ. ಈ ರ‍್ಯಾಂಕಿಗೆ ಒಳ್ಳೆ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಸಿಗಲ್ಲ ಅಂತ ಅಪ್ಪಾಜಿ ಬೆಂಗಳೂರಲ್ಲಿ ಮ್ಯಾನೇಜ್ಮೆಂಟ್ ಸೀಟಿಗೆ ಮಾತಾಡ್ತಿದಾರೆ, ತೋಟ ಅಡ ಇಡೋ ಮಾತೂ ಬಂದಿದೆ. ನಂಗೆ ಬೇಕಿರೋದು ಬಿಎಸ್ಸಿ ಫಿಸಿಕ್ಸ್, ಆಮೇಲೆ ಟೀಚರ್ ಆಗ್ಬೇಕು. ರಜೆಲಿ ನಮ್ಮ ಓಣಿ ಎಸ್ಸೆಸ್ಸೆಲ್ಸಿ ಹುಡುಗ್ರನ್ನ ಪಡಸಾಲೆಲಿ ಕೂರಿಸ್ಕೊಂಡು ಲೆನ್ಸಿನ ಚಿತ್ರ ಬಿಡಿಸಿ ಹೇಳಿಕೊಡ್ತೀನಿ, ಅದನ್ನ ಮಾಡ್ವಾಗ ಟೈಮ್ ಹೋಗೋದೇ ಗೊತ್ತಾಗಲ್ಲ. ಒಂದ್ಸಲ ಮೆಲ್ಲಗೆ ಹೇಳಿ ನೋಡ್ದೆ, "ಮೇಷ್ಟ್ರಾಗೋಕೆ ಎರಡು ವರ್ಷ ಅಷ್ಟು ಫೀಸ್ ಕಟ್ಟಿ ಕೋಚಿಂಗ್ ಕಾಲೇಜಿಗೆ ಹಾಕ್ಬೇಕಿತ್ತಾ" ಅಂದ್ರು, ಅಲ್ಲಿಗೆ ಮಾತು ನಿಂತೋಯ್ತು. ಆ ಕಾಲೇಜಲ್ಲೂ ಅಷ್ಟೇ, ಬೆಳಿಗ್ಗೆ ಐದೂವರೆಗೆ ಸ್ಟಡಿ ಅವರ್ ಶುರು ಆದ್ರೆ ರಾತ್ರಿ ಹತ್ತೂವರೆ ತನಕ, ವಾರ ವಾರ ಟೆಸ್ಟು, ಮಾರ್ಕ್ಸ್ ಸೀದಾ ಅಪ್ಪಾಜಿ ವಾಟ್ಸಾಪಿಗೆ, ಕೊನೇ ತಿಂಗಳು ನಂಗೆ ನಿದ್ದೆನೇ ಬರ್ತಿರ್ಲಿಲ್ಲ. 2024ರ ಬೇಸಿಗೆಲಿ ಬೋರು ನಿಂತಾಗ ಸಾಲ ಮಾಡಿ ಟ್ಯಾಂಕರ್ ನೀರು ಹೊಡೆಸಿ ತೋಟ ಉಳಿಸಿದ ಮನುಷ್ಯ ಅವ್ರು, ಅದೇ ತೋಟನ ನನಗೋಸ್ಕರ ಅಡ ಇಡ್ತಾರೆ ಅಂದ್ರೆ ಎದುರು ಮಾತಾಡೋಕೆ ಬಾಯೇ ಬರಲ್ಲ. ಯಾವ ಕಾಲೇಜು, ಯಾವ ಕೋರ್ಸ್ ಬೇಕು ಅಂತ ಸಿಇಟಿಲಿ ತುಂಬೋ ಆಪ್ಷನ್ ಎಂಟ್ರಿ ಹತ್ರ ಬಂತು. ಏನ್ ಮಾಡ್ಲಿ?

ಮಳೆನಾಡಿಗ:
ತಂಗಿ, ನಾನು ಮೆಕ್ಯಾನಿಕಲ್ ಸೇರಿದ್ದೆ, ನಂಗೂ ಇಷ್ಟ ಇರ್ಲಿಲ್ಲ, ನಮ್ಮ ಮಾವನ ಮಗ ಸೇರಿದಾನೆ ಅಂತ ನನ್ನನ್ನೂ ಸೇರಿಸಿದ್ರು. ಮೊದಲ ಸೆಮ್ ಎಂ ಒನ್, ಅಂದ್ರೆ ಮ್ಯಾಥ್ಸ್ ಪೇಪರ್, ಹೋಯ್ತು, ಆಮೇಲೆ ಎಂ ಟೂ, ಹಂಗೇ ಗುಡ್ಡೆ ಆಗಿ ಇಯರ್ ಬ್ಯಾಕ್ ಆಯ್ತು, ಮುಂದಿನ ವರ್ಷಕ್ಕೆ ಹೋಗೋಕಾಗ್ಲಿಲ್ಲ, ಅದನ್ನ ಮನೇಲಿ ಹೇಳೋಕಾಗ್ದೆ ಒಂದು ವರ್ಷ ಪೂರ್ತಿ ದಿನಾ ಬ್ಯಾಗ್ ಹಾಕ್ಕೊಂಡು ಕಾಲೇಜಿಗೆ ಹೋಗ್ತೀನಿ ಅಂತ ಬಸ್ ಸ್ಟ್ಯಾಂಡಲ್ಲಿ ಕೂತು ಬರ್ತಿದ್ದೆ. ಗೊತ್ತಾದ ದಿನ ಅಪ್ಪ ಬೈಲಿಲ್ಲ, "ಮೊದಲೇ ಹೇಳಿದ್ರೆ ಆಗ್ತಿರ್ಲಿಲ್ವಾ" ಅಂದ್ರು, ಅದು ಇವತ್ತಿಗೂ ಚುಚ್ಚುತ್ತೆ. ಈಗ ಹೇಳೋದು ಕಷ್ಟ, ನಾಲ್ಕನೇ ವರ್ಷ ಹೇಳೋದು ಇದರ ಹತ್ತರಷ್ಟು ಕಷ್ಟ. ಇನ್ನೊಂದು, ನಿದ್ದೆ ಬರಲ್ಲ ಅಂದ್ಯಲ್ಲ, ಅದನ್ನ ಸುಮ್ನೆ ಬಿಡ್ಬೇಡ. 14416 ಟೆಲಿ ಮಾನಸ್ ನಂಬರ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನನ್ನ ಟೈಮಲ್ಲಿ ಇರ್ಲಿಲ್ಲ, ಇದ್ದಿದ್ರೆ ಮಾಡ್ತಿದ್ದೆ.

ಎರಡು ಮಕ್ಕಳ ಅಪ್ಪ:
ನಾನು ನಿಮ್ಮ ಅಪ್ಪಾಜಿ ವಯಸ್ಸಿನವನು, ಅವರ ಪರ ಸ್ವಲ್ಪ ಹೇಳ್ತೀನಿ, ಬೇಜಾರಾಗ್ಬೇಡಮ್ಮ. ನಾವು ಹುಡುಗರಾಗಿದ್ದಾಗ ಇಂಜಿನಿಯರಿಂಗ್ ಸೀಟು ಅಂದ್ರೆ ಡೊನೇಷನ್ ಇದ್ದವರಿಗೆ ಅನ್ನೋ ಹಂಗಿತ್ತು. 1994ರಲ್ಲಿ ಸಿಇಟಿ ಬಂತು, ರ‍್ಯಾಂಕ್ ಇದ್ರೆ ದುಡ್ಡಿಲ್ದವರ ಮಕ್ಕಳಿಗೂ ಕಮ್ಮಿ ಫೀಸಿಗೆ ಸೀಟು ಸಿಗೋಕೆ ಶುರುವಾಯ್ತು. ನಮ್ಮೂರಲ್ಲಿ ಹಂಗೆ ಓದಿದ ಒಬ್ಬ ಹುಡುಗ ಬೆಂಗಳೂರಲ್ಲಿ ಕಂಪನಿ ಸೇರಿ ಐದಾರು ವರ್ಷಕ್ಕೆ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿದ, ಇಬ್ಬರು ತಂಗಿಯರ ಮದುವೆ ಮಾಡಿದ. ಅದನ್ನ ಇಡೀ ಊರು ನೋಡಿದೆ. ಮಳೆ ನಂಬ್ಕೊಂಡು, ಅಡಿಕೆ ರೇಟ್ ನಂಬ್ಕೊಂಡು ಬದುಕಿದವರಿಗೆ ತಿಂಗಳ ಸಂಬಳ ಅಂದ್ರೆ ಏನು ಅಂತ ಆ ಮನೆ ನೋಡಿನೇ ಗೊತ್ತಾಗಿದ್ದು. ಹಂಗಾಗಿ ಅವ್ರಿಗೆ ಇರೋದು ನಾಲ್ಕು ಜನ ಏನಂತಾರೋ ಅನ್ನೋದು ಅಷ್ಟೇ ಅಲ್ಲ, ಮಗಳು ನನ್ನ ಹಾಗೆ ಆಕಾಶ ನೋಡ್ಕೊಂಡು ಕೂರಬಾರ್ದು ಅನ್ನೋ ಭಯ. "ಇಂಜಿನಿಯರಿಂಗ್ ಬೇಡ" ಅಂತ ಶುರು ಮಾಡ್ಬೇಡ. ಟೀಚರ್ ಆದ್ರೆ ಎಷ್ಟು ವರ್ಷಕ್ಕೆ ಕೆಲಸ, ಎಷ್ಟು ಖರ್ಚು, ಅದನ್ನ ಪೇಪರ್ ಮೇಲೆ ಬರ್ಕೊಂಡು ಹೋಗಿ ಕೂತು ಮಾತಾಡು. ನನ್ನ ದೊಡ್ಡವನು ಹಂಗೇ ಮಾಡಿದ್ದು, ನಾನು ಎರಡು ದಿನ ಮುನಿಸ್ಕೊಂಡಿದ್ದೆ, ಆಮೇಲೆ ಒಪ್ಕೊಂಡೆ.

ಫಿಸಿಕ್ಸ್ ಲೆಕ್ಚರರ್:
ಮೇಲಿನವರು ಹೇಳಿದ ಆ ಪೇಪರಿಗೆ ಏನು ಬರೀಬೇಕು ಅಂತ ನಾನು ಹೇಳ್ತೀನಿ. ಮೈಸೂರಲ್ಲಿ ಎನ್‌ಸಿಇಆರ್‌ಟಿಯ ರೀಜನಲ್ ಇನ್ಸ್ಟಿಟ್ಯೂಟ್ ಆಫ್ ಎಜುಕೇಷನ್ ಇದೆ, ಆರ್‌ಐಇ ಅಂತಾರೆ, ಅಲ್ಲಿ ಪಿಯುಸಿ ಆದ್ಮೇಲೆ ನಾಲ್ಕೇ ವರ್ಷದಲ್ಲಿ ಬಿಎಸ್ಸಿ ಬಿಎಡ್ ಎರಡೂ ಸೇರಿ ಮುಗಿಯುತ್ತೆ, ಅಂದ್ರೆ ಬಿಇ ಎಷ್ಟು ವರ್ಷವೋ ಅಷ್ಟೇ. ಅದಕ್ಕೆ ಎಂಟ್ರೆನ್ಸ್ ಬೇರೆ, ಸಿಇಟಿ ಲೆಕ್ಕಕ್ಕೆ ಬರಲ್ಲ, ಡೇಟ್ ಮುಗಿದಿದೆಯಾ ಅಂತ ಇವತ್ತೇ ನೋಡು. ಅದು ಆಗದಿದ್ರೆ ಶಿವಮೊಗ್ಗ, ದಾವಣಗೆರೆಲೇ ಬಿಎಸ್ಸಿ ಮಾಡಿ ಆಮೇಲೆ ಬಿಎಡ್. ಎಂಎಸ್ಸಿ, ಬಿಎಡ್ ಎರಡೂ ಇದ್ರೆ ಪಿಯು ಲೆಕ್ಚರರ್ ಪೋಸ್ಟಿಗೂ ಅರ್ಜಿ ಹಾಕ್ಬಹುದು. ಒಂದು ನಿಜನೂ ಹೇಳ್ಬೇಕು, ಸರ್ಕಾರಿ ನೇಮಕಾತಿ ಕರೆಯೋದು ಯಾವಾಗಲೋ ಒಂದ್ಸಲ, ಖಾಸಗಿ ಸ್ಕೂಲಲ್ಲಿ ಶುರುವಿನ ಸಂಬಳ ಕಮ್ಮಿ, ಇದನ್ನ ಅಪ್ಪಾಜಿ ಹತ್ರ ಮುಚ್ಚಿಡಬೇಡ, ನೀನೇ ಹೇಳಿದ್ರೆ ಅವ್ರಿಗೆ ನಂಬಿಕೆ ಬರುತ್ತೆ.

ಆಮೇಲೆ ಸಿಇಟಿ ವಿಷ್ಯ. ರ‍್ಯಾಂಕಲ್ಲಿ ಅರ್ಧ ಪಿಯು ಮಾರ್ಕ್ಸ್, ಅರ್ಧ ಸಿಇಟಿಯ 180 ಮಾರ್ಕ್ಸಿಂದು, ಹಾಗಾಗಿ 86 ಪರ್ಸೆಂಟ್ ತೆಗೆದವಳು 60 ಸಾವಿರಕ್ಕೆ ಹೋದ್ಲು ಅಂದ್ರೆ ಸಿಇಟಿ ದಿನ ಕೈ ಕೊಟ್ಟಿದೆ ಅಷ್ಟೇ, ನೀನು ದಡ್ಡಿ ಅಲ್ಲ. ಬಯಾಲಜಿನೂ ಬರೆದಿದ್ರೆ ಇದೇ ಸಿಇಟಿಲಿ ಬಿಎಸ್ಸಿ ಅಗ್ರಿಗೂ ಆಪ್ಷನ್ ಕೊಡಬಹುದು, ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಮಾತಿಗೆ ಅದೂ ಒಂದು ದಾರಿ ಅಂತ ಹೇಳ್ದೆ. ಮನೇಲಿ ಜಗಳ ಬೇಡ ಅಂದ್ರೆ ಆಪ್ಷನ್ ಎಂಟ್ರಿ ಮಾಡು, ಆದ್ರೆ ಸೀಟು ಬಂದ್ಮೇಲೆ ಚಾಯ್ಸ್ ಒನ್ ಒತ್ತಿದ್ರೆ ಫೀಸ್ ಕಟ್ಟಿ ಸೇರ್ತೀನಿ ಅಂತ ಅರ್ಥ, ಚಾಯ್ಸ್ ಫೋರ್ ಅಂದ್ರೆ ಕೌನ್ಸೆಲಿಂಗಿಂದ ಹೊರಗೆ, ಓದ್ಕೊಂಡು ಒತ್ತು. ಮ್ಯಾನೇಜ್ಮೆಂಟ್ ಸೀಟಿಗೆ ಅಡ್ವಾನ್ಸ್ ಕೊಟ್ರೆ ಮಾತ್ರ ವಾಪಸ್ ತಗೊಳ್ಳೋದು ದೊಡ್ಡ ತಲೆನೋವು, ಮಾತಾಡೋದಿದ್ರೆ ಅದಕ್ಕೆ ಮುಂಚೆ ಮಾತಾಡು.

ತೋಟದಮನೆ ಹುಡುಗಿ:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಮೋಟರ್ ಆನ್ ಮಾಡೋಕೆ ಅಪ್ಪಾಜಿ ತೋಟಕ್ಕೆ ಹೊರಟಾಗ ನಾನೂ ಹಿಂದೆ ಹೋದೆ, ಬರೆದಿದ್ದ ಹಾಳೆ ಕೊಟ್ಟೆ. ಕನ್ನಡಕ ತಂದಿರ್ಲಿಲ್ಲ, ಓದು ಅಂದ್ರು, ಓದ್ದೆ, ಮಧ್ಯ ಅಳು ಬಂತು. ಪೂರ್ತಿ ಕೇಳಿಸ್ಕೊಂಡು ಏನೂ ಅನ್ಲಿಲ್ಲ, ರಾತ್ರಿ ಊಟಕ್ಕೆ ಕೂತಾಗಲೂ ಮಾತಿಲ್ಲ. ಅಮ್ಮ ಹೇಳಿದ್ದು, ಇವತ್ತು ಬೆಳಿಗ್ಗೆ ಅಡ್ವಾನ್ಸ್ ಕೊಡೋಕೆ ಬೆಂಗಳೂರಿಗೆ ಹೊರಡೋದಿತ್ತಂತೆ, ಹೋಗಿಲ್ಲ. ಹಾಳೆ ಅವರ ಅಂಗಿ ಜೇಬಲ್ಲೇ ಇದೆ. ಆರ್‌ಐಇ ಹಾಸ್ಟೆಲ್ ಬಗ್ಗೆ ಯಾರಿಗಾದ್ರೂ ಗೊತ್ತಿದ್ರೆ ಹೇಳಿ ಪ್ಲೀಸ್, ಕೇಳಿದ್ರೆ ಉತ್ರ ರೆಡಿ ಇರ್ಬೇಕು.